ಶನಿವಾರದ ಇಪ್ಪತ್ತೆರಡು ನಿಮಿಷ

ಟ್ಯಾಂಪೆರೆಯ ನಮ್ಮ ಕಟ್ಟಡದಲ್ಲಿ ಮನೆಗಳು ಹದಿನಾರು, ಹಬೆಸ್ನಾನದ ಸೌನಾ ಒಂದೇ. ಗುರುವಾರ ಮತ್ತು ಶುಕ್ರವಾರ ಸಂಜೆ ನಾಲ್ಕರಿಂದ ಒಂಬತ್ತರವರೆಗೆ, ಶನಿವಾರ ಮಧ್ಯಾಹ್ನ ಎರಡರಿಂದ ಎಂಟರವರೆಗೆ ಒಲೆ ಉರಿಯುತ್ತದೆ. ಮನೆಗೆ ವಾರಕ್ಕೊಂದು ಗಂಟೆ. ಲೆಕ್ಕ ಸರಿಹೋಗುತ್ತದೆ, ಜನ ಸರಿಹೋಗುವುದಿಲ್ಲ. ಯಾಕೆಂದರೆ ಶನಿವಾರ ಏಳರ ಸರದಿ ಎಂದರೆ ರಾಜಯೋಗ. ಒಲೆಯ ಮೇಲೆ ಐದು ಗಂಟೆ ಕಾಲ ಕಾದು ಕೆಂಡವಾದ ಕಲ್ಲುಗಳು, ಬಿಸಿ ಕುಡಿದು ಘಮಘಮಿಸುವ ಮರದ ಹಲಗೆಗಳು, ಮಾರನೆಯ ದಿನ ಭಾನುವಾರ. ಗುರುವಾರ ನಾಲ್ಕರ ಸರದಿ ಎಂದರೆ ಶಿಕ್ಷೆ. ಆಗಷ್ಟೇ ಕಣ್ಣು ಬಿಡುತ್ತಿರುವ ಕಲ್ಲಿಗೆ ನೀರು ಎರಚಿದರೆ ಹಬೆ ಏಳುವುದಿಲ್ಲ, ಕಲ್ಲು ಸುಮ್ಮನೆ ನಿಟ್ಟುಸಿರು ಬಿಡುತ್ತದೆ.

ಶನಿವಾರ ಏಳರ ಸರದಿ ಇಪ್ಪತ್ತಾರು ವರ್ಷಗಳಿಂದ ಹಿಲ್ಲೇವಿ ಸಾಲ್ಮೆಲಾ ಅವರದು. ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ರೈಲುಗಳನ್ನು ಹೊರಡಿಸಿ ನಿವೃತ್ತರಾದವರು, ಈಗ ನಮ್ಮ ಕಟ್ಟಡದ ಮಂಡಳಿಯ ಅಧ್ಯಕ್ಷೆ. ಗುರುವಾರ ನಾಲ್ಕರ ಸರದಿ ಮೂರನೇ ಮಹಡಿಯ ಓಸ್ಮೊ ರೌತಿಯೊನದು. ಒಳ್ಳೆಯ ಸರದಿ ಕೊಡಿ ಎಂದು ಅರ್ಜಿ ಹಾಕಿ ಅವನು ಹನ್ನೊಂದು ವರ್ಷದಿಂದ ಕಾಯುತ್ತಿದ್ದ. ಯಾರಾದರೂ ಮನೆ ಬಿಡಬೇಕು, ಇಲ್ಲವೇ ಪ್ರಾಣ ಬಿಡಬೇಕು. ನಮ್ಮ ಕಟ್ಟಡದವರು ಎರಡರಲ್ಲೂ ನಿಧಾನ.

ನಾನು ಮಂಡಳಿಯ ಕಾರ್ಯದರ್ಶಿ. ಕೈಬರಹ ಚೆನ್ನಾಗಿದೆ ಎಂಬ ಒಂದೇ ತಪ್ಪಿಗೆ ಒಂಬತ್ತು ವರ್ಷದಿಂದ ಸಭೆಯ ನಡಾವಳಿ ಬರೆಯುತ್ತಿದ್ದೇನೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ದಾಖಲೆಯಲ್ಲಿದೆ.

ಸೌನಾದ ಪಕ್ಕ ಬಟ್ಟೆ ಬದಲಿಸುವ ಕೋಣೆಯ ಹಳೆಯ ಗಡಿಯಾರ ಫೆಬ್ರವರಿಯಲ್ಲಿ ನಿಂತುಹೋಯಿತು. ಕಟ್ಟಡದ ವ್ಯವಸ್ಥಾಪಕ ಕೌಕೊ ಸಭೆಗೆ ಒಂದು ಕಂಪನಿಯ ದರಪಟ್ಟಿ ತಂದ. ಕೌಕೊ ಬೇಸಿಗೆಯಲ್ಲೂ ಟೈ ಕಟ್ಟುವ ಮನುಷ್ಯ. ಸರದಿ ಮುಗಿದಾಗ ತಾನೇ ಗಂಟೆ ಹೊಡೆದು, ಅರ್ಧ ನಿಮಿಷ ದೀಪ ಆರಿಸಿ ಜನರನ್ನು ಎಬ್ಬಿಸುವ ಹೊಸ ಗಡಿಯಾರ; ಬೆಲೆ ಕೇಳಿ ನಾವೆಲ್ಲ ಕಾಫಿ ಕಪ್ಪಿನೊಳಗೆ ಇಣುಕಿದೆವು. ಆಗ ಓಸ್ಮೊ ಎದ್ದು ನಿಂತ.

"ಇದಕ್ಕೆಲ್ಲ ಕಂಪನಿ ಯಾಕೆ? ನಾನೇ ಮಾಡ್ತೀನಿ. ಒಂದು ಚಿಪ್ ಸಾಕು. ಎರಡು ಯೂರೊ."

ಓಸ್ಮೊನಿಗೆ ಪೇಟೆಯ ಸಂತೆಕಟ್ಟೆಯಲ್ಲಿ ಒಂದು ಗೂಡಂಗಡಿ. ಬೀಗದ ಕೈ ಕಡೆದುಕೊಡುತ್ತಾನೆ, ಬೂಟಿಗೆ ಅಟ್ಟೆ ಹಾಕುತ್ತಾನೆ, ಕೈಗಡಿಯಾರಗಳ ಬ್ಯಾಟರಿ ಬದಲಿಸುತ್ತಾನೆ. ಹತ್ತೊಂಬತ್ತು ವರ್ಷ ಬ್ಯಾಟರಿ ಬದಲಿಸಿದ ಮೇಲೆ ತಾನು ಕಾಲಶಾಸ್ತ್ರದಲ್ಲಿ ಪಳಗಿದವನು ಎಂಬ ಭಾವನೆ ಅವನಲ್ಲಿ ಬೇರೂರಿತ್ತು. ಸಾಲದ್ದಕ್ಕೆ ಆ ಚಳಿಗಾಲ ಸಂಜೆಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ತರಗತಿಗೆ ಸೇರಿದ್ದ. ಒಟ್ಟು ಹನ್ನೆರಡು ತರಗತಿ. ಅವನು ಹಾಜರಾದದ್ದು ಎರಡಕ್ಕೆ. ಉಳಿದ ವಾರಗಳಲ್ಲಿ ಕೆರೆಯ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಕಾಲ ಪ್ರಶಸ್ತವಾಗಿತ್ತು.

"ಎರಡು ಯೂರೊ ಚಿಪ್ಪಿಗೆ ಟೈಮ್ ಹೇಗೆ ಗೊತ್ತಾಗುತ್ತೆ?" ಎಂದರು ಹಿಲ್ಲೇವಿ.

"ಅದಕ್ಕೇ ಅದನ್ನ ಮೈಕ್ರೊಕಂಟ್ರೋಲರ್ ಅನ್ನೋದು. ಒಳಗೇ ಬುದ್ಧಿ ಇರುತ್ತೆ."

"ಹೊರಗೂ ಸ್ವಲ್ಪ ಇದ್ರೆ ಒಳ್ಳೇದು," ಎಂದಳು ಓಸ್ಮೊನ ಹೆಂಡತಿ ಐಲಿ.

ಆದರೂ ಎರಡು ಯೂರೊ ಎಂಬ ಮಾತು ಎಲ್ಲರ ಕಿವಿಗೆ ಜೇನಾಗಿತ್ತು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಐಲಿ ಮಾತ್ರ ತಟಸ್ಥಳಾಗಿದ್ದಳು.

*

ಮೊದಲ ಪರೀಕ್ಷೆ ಅವರ ಅಡುಗೆಮನೆಯಲ್ಲೇ ನಡೆಯಿತು. ಐಲಿ ಸಾಲ್ಮನ್ ಮೀನಿಗೆ ಬೆಣ್ಣೆ, ಸಬ್ಬಸಿಗೆ ಸವರಿ ಓವನ್ನಿನಲ್ಲಿಟ್ಟು, "ಇಪ್ಪತ್ತೈದು ನಿಮಿಷಕ್ಕೆ ತೆಗಿ, ಮರೀಬೇಡ," ಎಂದು ಹೇಳಿ ಹಾಡಿನ ಅಭ್ಯಾಸಕ್ಕೆ ಹೋದಳು. ಓಸ್ಮೊ ಮೇಜಿನ ಮೇಲೆ ತನ್ನ ಹೊಸ ಗಡಿಯಾರ ಇಟ್ಟುಕೊಂಡು ಕಾವಲು ಕುಳಿತ.

ಐಲಿ ಹಿಂತಿರುಗಿದ್ದು ಎರಡು ಗಂಟೆಯ ಮೇಲೆ. ಮೆಟ್ಟಿಲ ತನಕ ಹೊಗೆ ಬಂದಿತ್ತು. ಕಿಟಕಿಗಳೆಲ್ಲ ತೆರೆದಿದ್ದವು. ಓಸ್ಮೊ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಕಣ್ಣೀರು ಸುರಿಸುತ್ತಾ, ಗಡಿಯಾರವನ್ನೇ ನೋಡುತ್ತಾ ಕೂತಿದ್ದ.

"ಮೀನು!" ಎಂದು ಕಿರುಚಿದಳು ಐಲಿ.

"ಗಾಬರಿ ಬೇಡ," ಎಂದ ಓಸ್ಮೊ. "ಈಗ ಹದಿನೈದು ನಿಮಿಷ ಆಗಿದೆ. ಇನ್ನೂ ಹತ್ತು ಇದೆ."

ಮೀನನ್ನು ಹೊರತೆಗೆದಾಗ ಅದು ಓಸ್ಮೊನ ಅಂಗಡಿಯ ಅಟ್ಟೆಯಂತಿತ್ತು. ಅವನು ತರಗತಿಯ ಶಿಕ್ಷಕಿ ಸಿರ್ಕ್ಕುಗೆ ಫೋನ್ ಮಾಡಿದ. ಆಕೆ ಹಳೆಯ ರೇಡಿಯೊ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಹೆಂಗಸು. ಸಮಸ್ಯೆ ಅರ್ಧ ಕೇಳುವಷ್ಟರಲ್ಲೇ ನಕ್ಕಳು.

"ಎಂಟು ಪಟ್ಟು ನಿಧಾನ ತಾನೇ? ಆ ಚಿಪ್ ಕಾರ್ಖಾನೆಯಿಂದ ಬರೋದೇ ಹಾಗೆ. ಬಡಿತ ಎಂಟು ಬಂದ್ರೆ ಒಂದು ಅಂತ ಎಣಿಸ್ಕೊಳ್ಳುತ್ತೆ. ಆ ಭಾಗಾಕಾರ ತೆಗೆದುಹಾಕಿ, ಸರಿಹೋಗುತ್ತೆ. ಅಂದ ಹಾಗೆ, ಹೊರಗಡೆ ಹರಳು ಕೂರಿಸಿದ್ರಾ?"

"ಹರಳು ಯಾಕೆ? ಚಿಪ್ಪಿನ ಒಳಗೇ ಬಡಿತ ಇದೆಯಂತಲ್ಲ?"

"ಇದೆ, ಆದರೆ..."

"ತುಂಬಾ ಥ್ಯಾಂಕ್ಸ್!" ಎಂದು ಓಸ್ಮೊ ಫೋನ್ ಇಟ್ಟ.

"ಆಕೆ 'ಆದರೆ' ಅಂದ್ರು," ಎಂದಳು ಐಲಿ, ಬಾಣಲೆ ತಿಕ್ಕುತ್ತಾ.

"ಪಾಠ ಹೇಳೋರು ಎಲ್ಲದಕ್ಕೂ 'ಆದರೆ' ಅಂತಾರೆ. ಅವರ ಸಂಬಳ ಅದರದ್ದೇ."

ಭಾಗಾಕಾರ ತೆಗೆದ ಮೇಲೆ ಗಡಿಯಾರ ಮನುಷ್ಯರಂತೆ ನಡೆಯತೊಡಗಿತು. ಸಣ್ಣಪುಟ್ಟ ವ್ಯತ್ಯಾಸವನ್ನು ಓಸ್ಮೊ ಮೂರು ಸಂಜೆ ಕೂತು, ರೇಡಿಯೊದ ಸಮಯದ ಸದ್ದಿಗೆ ಹೊಂದಿಸಿ, ತಿದ್ದಿ ತೀಡಿದ. ಪಕ್ಕದಲ್ಲೇ ಐಲಿ ಓವನ್ನಿನಲ್ಲಿ ಏಲಕ್ಕಿ ಬನ್ನು ಬೇಯಿಸುತ್ತಿದ್ದಳು. ಅಡುಗೆಮನೆ ಬೆಚ್ಚಗಿತ್ತು. ಕೊನೆಗೆ ಗಂಟೆಗೆ ಒಂದು ಸೆಕೆಂಡಿನ ತಪ್ಪೂ ಉಳಿಯಲಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಗಡಿಯಾರದ ಪ್ರತಿಷ್ಠಾಪನೆ ನಡೆಯಿತು. ಬರ್ಚ್ ಮರದ ಚಂದದ ಪೆಟ್ಟಿಗೆ, ಕೆಂಪು ಅಂಕಿಗಳು, ಹೊಡೆದುಕೊಳ್ಳಲು ಹಳೆಯ ಸೈಕಲ್ಲಿನ ಗಂಟೆ. ಎಲ್ಲಿ ತೂಗುಹಾಕುವುದು ಎಂಬ ಪ್ರಶ್ನೆ ಬಂದಾಗ ಓಸ್ಮೊ ಗೋಡೆಯೊಂದನ್ನು ತಟ್ಟಿ, "ಇಲ್ಲೇ. ಮೊಳೆ ಆಗ್ಲೇ ಇದೆ," ಎಂದ. ಆ ಗೋಡೆಯ ಆಚೆ ಬದಿಗೇ ಸೌನಾದ ಒಲೆ ಇತ್ತು. ಮೊಳೆ ಇತ್ತು ಎಂಬುದಂತೂ ನಿಜ. ನಾವು ಬನ್ನು ತಿಂದು ಚಪ್ಪಾಳೆ ತಟ್ಟಿದೆವು.

*

ಗುರುವಾರ ಎಲ್ಲವೂ ಸೊಗಸಾಗಿತ್ತು. ಐದರ ಸರದಿಯ ಎಯ್ನಾರಿ ತಾತ, ಎಂಬತ್ತಮೂರು ವರ್ಷದವರು, ಹೊರಗೆ ಬಂದು ಓಸ್ಮೊನ ಬೆನ್ನು ತಟ್ಟಿದರು. ಶುಕ್ರವಾರದವರು, "ಯಾಕೋ ಬೇಗ ಮುಗಿದ ಹಾಗಾಯ್ತು," ಎಂದು ಗೊಣಗಿ ಸುಮ್ಮನಾದರು. ಶನಿವಾರ ಆರರ ಸರದಿಯವರಿಗೆ ಮೂರು ಚಿಕ್ಕ ಮಕ್ಕಳು; ಗಂಟೆ ಎಷ್ಟು ಬೇಗ ಹೊಡೆದರೆ ಅಷ್ಟು ಹರ್ಷ.

ಶನಿವಾರ ಸಂಜೆ ಓಸ್ಮೊನ ಮನೆಯ ಬಾಗಿಲು ಬಡಿದ ಸದ್ದಿಗೆ ಎದುರುಮನೆಯ ನಾನೂ ಹೊರಗೆ ಬಂದೆ. ಹಿಲ್ಲೇವಿ ಸ್ನಾನದ ನಿಲುವಂಗಿಯಲ್ಲಿ ನಿಂತಿದ್ದರು. ಅವರ ತಲೆಯ ಎಡಭಾಗ ತೊಳೆದಿತ್ತು. ಬಲಭಾಗದಲ್ಲಿ ಶಾಂಪೂವಿನ ನೊರೆ ಗೋಪುರ ಕಟ್ಟಿತ್ತು.

"ಓಸ್ಮೊ, ಈಗ ಗಂಟೆ ಎಷ್ಟು?"

ಓಸ್ಮೊ ತನ್ನ ಮನೆಯ ಗೋಡೆ ಗಡಿಯಾರ ನೋಡಿದ. "ಏಳು ನಲವತ್ತೆರಡು. ಯಾಕೆ, ಇಷ್ಟು ಬೇಗ ಬಂದ್ಬಿಟ್ರಿ?"

"ನಾನು ಬರಲಿಲ್ಲ. ನಿಮ್ಮ ಗಡಿಯಾರ ಕಳಿಸ್ತು. ಏಳು ಮೂವತ್ತೆಂಟಕ್ಕೆ ಗಂಟೆ ಹೊಡೆದು ದೀಪ ಆರಿಸ್ತು. ಕತ್ತಲಲ್ಲಿ ನಾನು ಸೋಪು ಹುಡುಕ್ತಾ ಒಲೆಯ ಕಡೆ ಹೋಗಿದ್ದೆ."

"ಸಾಧ್ಯವೇ ಇಲ್ಲ. ಗಂಟೆಗೆ ಒಂದು ಸೆಕೆಂಡ್ ತಪ್ಪದ ಹಾಗೆ ಮಾಡಿದೀನಿ." ಓಸ್ಮೊ ಒಂದು ಕ್ಷಣ ಯೋಚಿಸಿ, ಈ ಜಗತ್ತಿನಲ್ಲಿ ಹಿಲ್ಲೇವಿಗೆ ಯಾರೂ ಹೇಳಬಾರದ ಮಾತೊಂದನ್ನು ಹೇಳಿದ. "ನೀವೇ ಆರು ಮೂವತ್ತೆಂಟಕ್ಕೆ ಇಳಿದು ಹೋಗಿರಬಹುದಾ?"

ನೊರೆಯ ಗೋಪುರ ಮೆಲ್ಲಗೆ ಜಾರಿ ಅವರ ಹೆಗಲ ಮೇಲೆ ಕೂತಿತು.

"ಮೂವತ್ತೆಂಟು ವರ್ಷ," ಎಂದರು ಹಿಲ್ಲೇವಿ, "ಹೆಲ್ಸಿಂಕಿ ರೈಲು ನನ್ನ ಕೈ ನೋಡಿ ಹೊರಡ್ತಿತ್ತು."

ಕೆಳಗಿಳಿದು ನೋಡೋಣವೆಂದರೆ ಆಗುವಂತಿರಲಿಲ್ಲ. ವಾರದ ಕೊನೆಯ ಸರದಿಯವರು ಬಾಗಿಲು ಎಳೆದುಕೊಂಡರೆ ಬೀಗ ತಾನೇ ಬೀಳುತ್ತದೆ; ಕೀಲಿ ಕೌಕೊನ ಬಳಿ, ಅವನು ತೆಗೆಯುವುದು ಗುರುವಾರ ಮಧ್ಯಾಹ್ನ ಮೂರಕ್ಕೆ. ಹಿಲ್ಲೇವಿ ಲಿಖಿತ ದೂರು ಕೊಟ್ಟರು. ಗುರುವಾರ ಕೌಕೊ ಬಾಗಿಲು ತೆಗೆದು, ಗಡಿಯಾರದ ಮುಂದೆ ತನ್ನ ಫೋನ್ ಹಿಡಿದು, ಮೂರು ಫೋಟೊ ತೆಗೆದು, ಸೂಚನಾ ಫಲಕಕ್ಕೆ ಕಾಗದ ಅಂಟಿಸಿದ: "ಪರಿಶೀಲಿಸಲಾಗಿದೆ. ಗಡಿಯಾರ ಸೆಕೆಂಡಿನವರೆಗೆ ಸರಿಯಾಗಿದೆ. ದೂರಿನಲ್ಲಿ ಹುರುಳಿಲ್ಲ."

ಮುಂದಿನ ಶನಿವಾರ ಹಿಲ್ಲೇವಿ ತಮ್ಮ ಹಳೆಯ ರೈಲ್ವೆ ಗಡಿಯಾರವನ್ನು ಹೊರಗಿನ ಓಣಿಯ ಕುರ್ಚಿಯ ಮೇಲಿಟ್ಟು ಒಳಗೆ ಹೋದರು. ಗೋಡೆಯ ಗಡಿಯಾರ ಎಂಟು ಹೊಡೆದಾಗ ಅದು ಏಳು ಮೂವತ್ತೆಂಟು ತೋರಿಸುತ್ತಿತ್ತು. ಮತ್ತೆ ದೂರು. ಗುರುವಾರ ಮತ್ತೆ ಕೌಕೊ, ಮತ್ತೆ ಫೋಟೊ, ಮತ್ತೆ ಸೆಕೆಂಡಿನವರೆಗೆ ಸರಿ. ನಾವು ಯಾರಾದರೂ ಶನಿವಾರ ಸಂಜೆಯೇ ಹೋಗಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇರೆಯವರ ಸರದಿಯಲ್ಲಿ ಸೌನಾಕ್ಕೆ ಇಣುಕುವುದು ನಮ್ಮಲ್ಲಿ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ.

ಕಟ್ಟಡ ಎರಡು ಹೋಳಾಯಿತು. ಗುರುವಾರದವರು ಓಸ್ಮೊನ ಪಕ್ಷ.

"ಪಾಪ, ಹಿಲ್ಲೇವಿಗೆ ವಯಸ್ಸಾಯ್ತು," ಎಂದು ತಲೆಯಾಡಿಸಿದರು ಎಯ್ನಾರಿ ತಾತ. ಅವರು ಹಿಲ್ಲೇವಿಗಿಂತ ಹನ್ನೆರಡು ವರ್ಷ ದೊಡ್ಡವರು.

"ಸುಖದ ಗಂಟೆ ಚಿಕ್ಕದಾಗೇ ಕಾಣೋದು," ಎಂದ ಓಸ್ಮೊ. "ಗುರುವಾರ ನಾಲ್ಕಕ್ಕೆ ಬಂದು ಕೂರಲಿ, ಒಂದು ಗಂಟೆ ಎಷ್ಟುದ್ದ ಅಂತ ಗೊತ್ತಾಗುತ್ತೆ."

ಶನಿವಾರದವರು ಹಿಲ್ಲೇವಿಯ ಪಕ್ಷ. ಅವರ ತರ್ಕ ಸರಳ: ಹನ್ನೊಂದು ವರ್ಷ ಆ ಸರದಿಯ ಮೇಲೆ ಕಣ್ಣಿಟ್ಟವನು ಯಾರು? ಗಡಿಯಾರ ಮಾಡಿದವನು ಯಾರು? ಬೀಗದ ಕೈ ಕಡೆಯುವ ಕಸುಬು ಯಾರದು? ಶನಿವಾರ ಗುಟ್ಟಾಗಿ ಮುಂದಕ್ಕೆ ತಿರುಗಿಸಿ, ಗುರುವಾರ ಹಿಂದಕ್ಕೆ ತಿರುಗಿಸಿಡುತ್ತಿದ್ದಾನೆ! ಮೆಟ್ಟಿಲಲ್ಲಿ ಜನ ಅವನಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಿದರು. ಮೊದಲೂ ನಮ್ಮಲ್ಲಿ ಅಷ್ಟೇನೂ ಹೇಳುತ್ತಿರಲಿಲ್ಲ. ಆದರೆ ಈಗ ಬೇಕೆಂದೇ ಹೇಳದೆ ಹೋಗುತ್ತಿದ್ದರು. ಓಸ್ಮೊನಿಗೆ ಆ ವ್ಯತ್ಯಾಸ ಚೆನ್ನಾಗಿ ತಟ್ಟಿತು. ಅಂಗಡಿಯಲ್ಲಿ ಒಬ್ಬರ ಮನೆಯ ಕೀಲಿ ಇನ್ನೊಬ್ಬರಿಗೆ ಕೊಟ್ಟು ಕಳಿಸಿದ.

ಏಪ್ರಿಲ್ ಮೊದಲ ವಾರ ತುರ್ತುಸಭೆ ಕರೆಯಲಾಯಿತು. ಹಿಲ್ಲೇವಿ ನಿಂತುಕೊಂಡೇ ಠರಾವು ಓದಿದರು: ಓಸ್ಮೊ ರೌತಿಯೊ ತಪ್ಪೊಪ್ಪಿಕೊಳ್ಳುವವರೆಗೆ ಅವನ ಮನೆಯ ಸೌನಾ ಸರದಿಯನ್ನು ಕಿತ್ತುಕೊಳ್ಳತಕ್ಕದ್ದು.

ಕೋಣೆ ತಣ್ಣಗಾಯಿತು. ನಮ್ಮ ದೇಶದಲ್ಲಿ ಮನುಷ್ಯನ ಕೆಲಸ ಹೋಗಬಹುದು, ಮದುವೆ ಮುರಿಯಬಹುದು. ಸೌನಾ ಸರದಿ ಹೋಗುವುದೆಂದರೆ ಅವನು ಇದ್ದೂ ಇಲ್ಲದಂತೆ.

ಓಸ್ಮೊ ಕುರ್ಚಿಯಿಂದ ಎದ್ದ. "ನಾನು ಮುಟ್ಟಿಲ್ಲ. ಐಲಿ ಆಣೆ."

"ನನ್ನ ಮೇಲೆ ಆಣೆ ಹಾಕೋದಾದ್ರೆ ಮೊದಲು ಮೀನಿನ ವಿಷಯ ಸಭೆಗೆ ಹೇಳು," ಎಂದಳು ಐಲಿ. ಆಮೇಲೆ ಎದ್ದು, ಎಲ್ಲರ ಕಡೆ ತಿರುಗಿ, "ನನ್ನ ಗಂಡ ಪೆದ್ದ. ಅದಕ್ಕೆ ನಾನೇ ಸಾಕ್ಷಿ. ಆದ್ರೆ ಕಳ್ಳ ಅಲ್ಲ. ವಾರಕ್ಕೆರಡು ಸಲ ಗುಟ್ಟಾಗಿ ಒಂದು ಕೆಲಸ ಮಾಡಿ ಅದನ್ನ ಯಾರಿಗೂ ಹೇಳ್ದೆ ಇರೋ ಶಕ್ತಿ ಅವನಿಗಿಲ್ಲ. ಗಡಿಯಾರನ ಎಲ್ಲರೂ ಕೂತು ನೋಡಿ, ಆಮೇಲೆ ವೋಟು ಹಾಕಿ," ಎಂದಳು.

ಹಿಲ್ಲೇವಿ ಠರಾವಿನ ಹಾಳೆ ಮಡಿಚಿದರು. "ಸರಿ. ಶನಿವಾರ ಏಳಕ್ಕೆ. ನನ್ನ ಸರದಿಯಲ್ಲೇ."

"ಪರಿಸ್ಥಿತಿ ಎಂದಿನಂತೆಯೇ ಇರಬೇಕು," ಎಂದು ಕೌಕೊ ಸೇರಿಸಿದ. "ಒಲೆ ಉರೀತಿರಬೇಕು, ಕಲ್ಲಿಗೆ ನೀರು ಬೀಳ್ತಿರಬೇಕು, ಮಂಡಳಿ ಒಳಗಿರಬೇಕು."

ಹೀಗೆ ನಮ್ಮ ಕಟ್ಟಡದ ಇತಿಹಾಸದಲ್ಲಿ ಮೊದಲ ಬಾರಿಗೆ ಮಂಡಳಿಯ ಅಧಿಕೃತ ಸಭೆ ಎಂಬತ್ತು ಡಿಗ್ರಿ ಬಿಸಿಯಲ್ಲಿ ನಡೆಯುವುದೆಂದು ತೀರ್ಮಾನವಾಯಿತು. ಐಲಿ ಯಾರಿಗೂ ಹೇಳದೆ ಸಿರ್ಕ್ಕುಗೂ ಫೋನ್ ಮಾಡಿದ್ದಳು.

*

ಶನಿವಾರ ಏಳಕ್ಕೆ ನಾವು ಮೇಲಿನ ಹಲಗೆಯ ಮೇಲೆ ಸಾಲಾಗಿ ಕೂತೆವು. ಹಿಲ್ಲೇವಿ ಕಡುನೀಲಿ ಈಜುಡುಗೆಯಲ್ಲಿ, ನೆಟ್ಟಗೆ. ಕೌಕೊ ಈಜುಚಡ್ಡಿಯಲ್ಲಿ, ಟೈ ಇಲ್ಲದ ಅವನ ಕುತ್ತಿಗೆಯನ್ನು ನಾವು ಮೊದಲ ಸಲ ನೋಡುತ್ತಿದ್ದೆವು, ಅದು ಪಾಪ ಬಹಳ ಉದ್ದವಿತ್ತು. ಎಯ್ನಾರಿ ತಾತ ನೀರಿನ ಬಕೆಟ್ಟು ಸೌಟಿನೊಂದಿಗೆ ಒಲೆಯ ಪಕ್ಕ. ಕೆಳಗಿನ ಹಲಗೆಯಲ್ಲಿ ಆರೋಪಿ ಓಸ್ಮೊ. ನಾನು ನಡಾವಳಿ ಪುಸ್ತಕ, ಪೆನ್ಸಿಲ್ಲು ಹಿಡಿದು ಮೂಲೆಯಲ್ಲಿ. ಗಾಜಿನ ಬಾಗಿಲಿನ ಆಚೆ ಗಡಿಯಾರದ ಕೆಂಪು ಅಂಕಿಗಳು ಕಾಣುತ್ತಿದ್ದವು. ಓಣಿಯಲ್ಲಿ ಐಲಿ ರೇಡಿಯೊ ಹಿಡಿದು ನಿಂತಿದ್ದಳು.

"ಏಳು ಗಂಟೆ!" ಎಂದು ಕೂಗಿದಳು ಐಲಿ.

ಗಡಿಯಾರ ಏಳು ಇಪ್ಪತ್ತೊಂದು ತೋರಿಸುತ್ತಿತ್ತು.

ಕೌಕೊ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಫೋನ್ ತೆಗೆದು ನೋಡಿದ. ಅದು ತನಗೆ ಸೆಕೆ ತಡೆಯಲಾಗುತ್ತಿಲ್ಲವೆಂದು ಹೇಳಿ ಆರಿಹೋಯಿತು.

"ಆದ್ರೆ ಗುರುವಾರ ಸರಿ ಇತ್ತು," ಎಂದ ಕೌಕೊ ಕ್ಷೀಣವಾಗಿ. "ನನ್ನ ಹತ್ರ ಫೋಟೊ ಇದೆ."

"ಇವತ್ತು ಬೆಳಿಗ್ಗೆ ಎಲ್ಲಿದ್ರಿ ಓಸ್ಮೊ?" ಎಂದು ಹಿಲ್ಲೇವಿ ಕೇಳಿದರು.

"ಕೆರೆ ಮೇಲೆ."

"ಏಪ್ರಿಲ್‌ನಲ್ಲಿ? ಮಂಜುಗಡ್ಡೆ ತೆಳ್ಳಗಾಗಿದೆ."

"ಅದಕ್ಕೇ ಹೊಟ್ಟೆ ಮೇಲೆ ಮಲಗಿ ಮೀನು ಹಿಡಿದೆ. ನನ್ನ ಅಂಗಿ ನೋಡಿ ಬೇಕಾದ್ರೆ."

ಎಯ್ನಾರಿ ತಾತ ಒಂದು ಸೌಟು ನೀರು ಎರಚಿದರು. ಹಬೆ ಚುಂಯ್ ಎಂದು ಎದ್ದು ನಮ್ಮ ಕಿವಿಗಳನ್ನು ಹಿಡಿಯಿತು. ನಡಾವಳಿ ಪುಸ್ತಕದ ಹಾಳೆಗಳು ಬೇಯಿಸಿದ ಎಲೆಕೋಸಿನಂತೆ ಮೆತ್ತಗಾದವು. ಕೌಕೊ ಎದ್ದು ನಿಂತು, "ಈ ಸಂದರ್ಭದಲ್ಲಿ ವ್ಯವಸ್ಥಾಪಕನಾಗಿ ನನ್ನ ಜವಾಬ್ದಾರಿಯ ಮಿತಿಯನ್ನು ಸ್ಪಷ್ಟಪಡಿಸಲು..." ಎಂದು ಆರಂಭಿಸಿದ. ಅದು ದೀರ್ಘ ಭಾಷಣ. ಎಯ್ನಾರಿ ತಾತನಿಗೆ ಭಾಷಣ ಇಷ್ಟವಿಲ್ಲ. ವಾಕ್ಯಕ್ಕೊಂದು ಸೌಟಿನಂತೆ ಎರಚುತ್ತಾ ಹೋದರು. ಕೌಕೊ ಟೊಮೆಟೊ ಬಣ್ಣಕ್ಕೆ ತಿರುಗಿ, "ಒಟ್ಟಿನಲ್ಲಿ ಹೇಳುವುದಾದರೆ..." ಎನ್ನುವಷ್ಟರಲ್ಲಿ ಸೈಕಲ್ ಗಂಟೆ ಟ್ರಿಣ್ ಟ್ರಿಣ್ ಎಂದು ಬಡಿದುಕೊಂಡಿತು. ದೀಪ ಆರಿತು.

"ಏಳು ಮೂವತ್ತೆಂಟು!" ಎಂದು ಓಣಿಯಿಂದ ಐಲಿಯ ದನಿ.

"ನೋಡಿದ್ರಾ!" ಎಂದರು ಕತ್ತಲಲ್ಲಿ ಹಿಲ್ಲೇವಿ. "ಯಾರೂ ಮುಟ್ಟಿಲ್ಲ, ಆದ್ರೂ ಒಂದು ನಿಮಿಷ ಮುಂದಕ್ಕೆ ಹೋಯ್ತು! ಆಗ ಇಪ್ಪತ್ತೊಂದು ನಿಮಿಷ ಮುಂದಿತ್ತು, ಈಗ ಇಪ್ಪತ್ತೆರಡು!"

ಆ ಕತ್ತಲಲ್ಲೇ ಯಾರೋ ಒಳಗೆ ಬಂದರು. ದೀಪ ಹತ್ತಿದಾಗ ಗಾಜಿನ ಬಾಗಿಲಾಚೆ ಕೋಟು ಟೋಪಿ ತೊಟ್ಟ ಸಿರ್ಕ್ಕು ನಿಂತಿದ್ದಳು. ಅರೆಬೆತ್ತಲೆ ಮಂಡಳಿಯನ್ನು ಕಂಡು ಆಕೆಗೆ ಏನೂ ಆಶ್ಚರ್ಯವಾಗಲಿಲ್ಲ. ನೇರವಾಗಿ ಹೋಗಿ ಬರ್ಚ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

"ಅಯ್ಯೋ, ಜ್ವರ ಬಂದ ಮಗು ಥರ ಸುಡ್ತಿದೆ. ಓಸ್ಮೊ, ಹರಳು ಎಲ್ಲಿ?"

"ಒಳಗೇ ಬಡಿತ ಇದೆ ಅಂದ್ರಲ್ಲ ನೀವು?"

"'ಇದೆ, ಆದರೆ' ಅಂದೆ."

ಓಣಿಯಿಂದ ಐಲಿ ನಕ್ಕ ಸದ್ದು ಬಂತು.

ಸಿರ್ಕ್ಕು ಚೀಲದಿಂದ ಅಂಗೈಯಗಲದ ಒಂದು ಅಳತೆಯ ಯಂತ್ರ ತೆಗೆದು ಅದರ ತಂತಿಯನ್ನು ಚಿಪ್ಪಿಗೆ ಹಚ್ಚಿದಳು. ನಾವೆಲ್ಲ ಟವೆಲು ಸುತ್ತಿಕೊಂಡು ಹೊರಬಂದು ಸುತ್ತ ನೆರೆದೆವು. "ಈ ಚಿಪ್ಪಿನೊಳಗಿನ ಬಡಿತ ಸೆಕೆಂಡಿಗೆ ಎಂಬತ್ತು ಲಕ್ಷ ಇರಬೇಕು. ಈಗ ನೋಡಿ." ಯಂತ್ರ ಎಂಬತ್ತೆರಡು ಲಕ್ಷ ಅರವತ್ತು ಸಾವಿರ ತೋರಿಸುತ್ತಿತ್ತು. "ಎಯ್ನಾರಿ ತಾತ, ಹೊರಗಿಂದ ಒಂದು ಬಕೆಟ್ ಹಿಮ ತರ್ತೀರಾ?"

ತಾತ ಟವೆಲಿನಲ್ಲೇ ಅಂಗಳಕ್ಕೆ ಓಡಿ ಬಕೆಟ್ಟು ತುಂಬಿ ತಂದರು. ಸಿರ್ಕ್ಕು ಹಿಮವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಚಿಪ್ಪಿನ ಮೇಲಿಟ್ಟಳು. ಅಂಕಿ ಇಳಿಯತೊಡಗಿತು. ಎಂಬತ್ತೆರಡು, ಎಂಬತ್ತೊಂದು, ಎಂಬತ್ತು. ಅಲ್ಲಿಗೂ ನಿಲ್ಲದೆ ಎಪ್ಪತ್ತೊಂಬತ್ತಕ್ಕೆ ಜಾರಿತು.

"ಬಿಸಿಯಾದ್ರೆ ಓಡುತ್ತೆ, ತಣ್ಣಗಾದ್ರೆ ತೂಕಡಿಸುತ್ತೆ," ಎಂದಳು ಸಿರ್ಕ್ಕು. "ಒಳಗಿನ ಬಡಿತದ ಸ್ವಭಾವ ಅದು. ಅಗ್ಗ, ಆದರೆ ಚಂಚಲ. ನೀವು ಇದನ್ನ ಎಲ್ಲಿ ಕೂತು ಸರಿಮಾಡಿದ್ರಿ?"

"ಅಡುಗೆಮನೇಲಿ," ಎಂದ ಓಸ್ಮೊ.

"ಓವನ್ ಪಕ್ಕ," ಎಂದು ಐಲಿ ಪೂರ್ತಿಮಾಡಿದಳು.

"ಸರಿ. ಅಡುಗೆಮನೆಯ ಬಿಸಿಗೆ ಇದು ಸರಿಯಾದ ಗಡಿಯಾರ. ಸೌನಾ ಉರೀತಿರುವಾಗ ಗಂಟೆಗೆ ಎರಡು ನಿಮಿಷ ಮುಂದೆ ಹೋಗುತ್ತೆ. ಶನಿವಾರ ಸಂಜೆಗೆ ಇಪ್ಪತ್ತೆರಡು ನಿಮಿಷ. ಆಮೇಲೆ ಭಾನುವಾರದಿಂದ ಗುರುವಾರದವರೆಗೆ ಕೋಣೆ ತಣ್ಣಗಿರುತ್ತಲ್ಲ, ಗಂಟೆಗೆ ಹನ್ನೆರಡು ಸೆಕೆಂಡಿನ ಹಾಗೆ ಹಿಂದೆ ಬೀಳುತ್ತಾ ಬರುತ್ತೆ. ಗುರುವಾರ ಮೂರು ಗಂಟೆಗೆ..."

"...ಸರಿಯಾದ ಟೈಮ್‌ಗೆ ಬಂದಿರುತ್ತೆ!" ಕೌಕೊ ಕೂಗಿದ. "ನನ್ನ ಫೋಟೊ!"

ಮೂರು ವಾರ ಒಂದು ಕಟ್ಟಡದ ಮಾನ ಮರ್ಯಾದೆ ಕಳೆದ ಗಡಿಯಾರ ವಾರಕ್ಕೊಮ್ಮೆ ತಾನಾಗಿಯೇ ತಪ್ಪು ತಿದ್ದಿಕೊಂಡು, ಅಧಿಕಾರಿ ಬರುವ ಹೊತ್ತಿಗೆ ಕೈಕಟ್ಟಿ ನಿಲ್ಲುತ್ತಿತ್ತು. ಅದರ ಬುದ್ಧಿಗೆ ನಾವು ಬೆರಗಾದೆವು. ಹಿಲ್ಲೇವಿ ನನ್ನ ಕಡೆ ತಿರುಗಿ, "ಬರ್ಕೊಳ್ಳಿ. 'ಹಿಲ್ಲೇವಿ ಸಾಲ್ಮೆಲಾ ಹೇಳಿದ್ದು ಸರಿ.' ದಪ್ಪಕ್ಷರದಲ್ಲಿ," ಎಂದರು. ಒದ್ದೆ ಹಾಳೆ ಹರಿಯದಂತೆ ಬರೆದೆ.

"ಹಾಗಾದ್ರೆ ಏನು ಮಾಡೋದು?" ಎಂದು ಓಸ್ಮೊ ಸಣ್ಣ ದನಿಯಲ್ಲಿ ಕೇಳಿದ.

ಸಿರ್ಕ್ಕು ಜೇಬಿನಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿ ಬಣ್ಣದ ಕೊಳವೆ ತೆಗೆದಳು. "ಇದನ್ನ ಹೊರಗೆ ಕೂರಿಸಿ. ಇದರೊಳಗೆ ಸಣ್ಣ ಹರಳಿನ ಕವಲು ಇದೆ. ಸೆಕೆಂಡಿಗೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಸಲ ನಡುಗುತ್ತೆ. ಬಿಸಿಗೂ ಚಳಿಗೂ ಹೆಚ್ಚುಕಡಿಮೆ ಜಗ್ಗೋದಿಲ್ಲ."

"ಅದೆಂಥ ವಕ್ರ ಸಂಖ್ಯೆ?" ಎಂದರು ಹಿಲ್ಲೇವಿ.

"ಅರ್ಧ ಮಾಡ್ತಾ ಹೋಗಿ. ಹದಿನೈದು ಸಲ."

ಹಿಲ್ಲೇವಿ ಕಣ್ಣು ಮುಚ್ಚಿ ಶುರುಮಾಡಿದರು. "ಹದಿನಾರು ಸಾವಿರದ ಮುನ್ನೂರ ಎಂಬತ್ನಾಲ್ಕು. ಎಂಟು ಸಾವಿರದ ನೂರ ತೊಂಬತ್ತೆರಡು. ನಾಲ್ಕು ಸಾವಿರದ ತೊಂಬತ್ತಾರು..." ನಾವು ಬೆರಳು ಮಡಿಸಿ ಎಣಿಸಿದೆವು. "ಹದಿನಾರು. ಎಂಟು. ನಾಲ್ಕು. ಎರಡು." ಅವರು ಕಣ್ಣು ತೆರೆದರು. "ಒಂದು! ಒಂದು ಸೆಕೆಂಡು!" ರೈಲು ಹಳಿ ಸೇರಿದ ಸಂತೋಷ ಅವರ ಮುಖದಲ್ಲಿತ್ತು.

"ಇಂಥ ವಸ್ತು ನಾನು ನೋಡೇ ಇಲ್ಲ," ಎಂದ ಓಸ್ಮೊ.

"ದಿನಾ ನೋಡ್ತೀರಿ. ನೀವು ಬ್ಯಾಟರಿ ಹಾಕೋ ಕೈಗಡಿಯಾರಗಳ ಒಳಗೆಲ್ಲ ಇದೇ ಇರೋದು. ಹರಳಿನ ಹೆಸರು ಗಡಿಯಾರದ ಮುಖದ ಮೇಲೇ ಬರೆದಿರುತ್ತಲ್ಲ, 'ಕ್ವಾರ್ಟ್ಜ್' ಅಂತ."

ಓಸ್ಮೊ ಸಿರ್ಕ್ಕುವಿನ ಕೈಗಡಿಯಾರದ ಕಡೆ ಬಗ್ಗಿ ನೋಡಿದ. "ಕ್ವಾರ್ಟ್ಜ್... ಅದು ಕಂಪನಿ ಹೆಸರಲ್ವಾ?"

ಸಿರ್ಕ್ಕು ಅಲ್ಲವೆಂದು ತಲೆಯಾಡಿಸಿದಳು.

"ಹತ್ತೊಂಬತ್ತು ವರ್ಷದಿಂದ ಹೇಳ್ತಾ ಬಂದಿದೀನಿ," ಎಂದ ಓಸ್ಮೊ ಪಾತಾಳದ ದನಿಯಲ್ಲಿ. "'ಕ್ವಾರ್ಟ್ಜ್ ಕಂಪನಿದು ತಗೊಳ್ಳಿ, ಬಾಳಿಕೆ ಬರುತ್ತೆ' ಅಂತ. ಒಬ್ಬರಿಗೆ ಆ ಕಂಪನಿ ಮುದುಕ ಯಜಮಾನರು ತೀರಿಕೊಂಡ್ರು ಅಂತಾನೂ ಹೇಳಿದ್ದೆ."

ಮೊದಲು ನಕ್ಕವರು ಹಿಲ್ಲೇವಿ. ಅವರು ನಕ್ಕಿದ್ದನ್ನು ನಮ್ಮ ಕಟ್ಟಡದಲ್ಲಿ ಕಂಡವರಿರಲಿಲ್ಲ. ಅದು ದೂರದಿಂದ ಬರುವ ಗೂಡ್ಸ್ ರೈಲಿನಂತೆ ಸಣ್ಣದಾಗಿ ಶುರುವಾಗಿ, ಗೋಡೆ ನಡುಗಿಸುತ್ತಾ ಹಾದುಹೋಗಲು ಬಹಳ ಹೊತ್ತು ಹಿಡಿಯಿತು. ಅವರು ಬೆಂಚಿನ ಮೇಲೆ ಕುಸಿದರು. ಕೌಕೊ ತನ್ನ ಉದ್ದ ಕುತ್ತಿಗೆ ಹಿಡಿದುಕೊಂಡು ನಕ್ಕ. ಎಯ್ನಾರಿ ತಾತ ಉಳಿದ ಹಿಮವನ್ನು ಎಲ್ಲರ ಬೆನ್ನಿಗೂ ಹಚ್ಚಿದರು. ಕೊನೆಗೆ ಓಸ್ಮೊನೂ ನಕ್ಕ, ಮತ್ತೆ ಹಿಲ್ಲೇವಿಯ ಮುಂದೆ ಹೋಗಿ ನಿಂತ.

"ತಪ್ಪಾಯ್ತು ಹಿಲ್ಲೇವಿ. ನಿಮಗೆ ಗಂಟೆ ನೋಡೋಕೆ ಬರಲ್ಲ ಅಂದ್ಬಿಟ್ಟೆ."

"ಕಳ್ಳ ಅಂತ ನಾನೂ ಅಂದ್ಬಿಟ್ಟೆ," ಎಂದರು ಹಿಲ್ಲೇವಿ ಕಣ್ಣೊರೆಸಿಕೊಳ್ಳುತ್ತಾ. "ಠರಾವು ವಾಪಸ್. ಎಲ್ಲರೂ ಒಳಗೆ ಬನ್ನಿ, ಕಲ್ಲು ತಣ್ಣಗಾಗುತ್ತೆ."

*

ಹರಳು ಕೂತಿತು. ಪೆಟ್ಟಿಗೆಯನ್ನು ಎದುರು ಗೋಡೆಗೆ, ಹೊಸ ಮೊಳೆಗೆ ಸ್ಥಳಾಂತರಿಸಲಾಯಿತು. ಮುಂದಿನ ವಾರ ಗುರುವಾರ, ಶುಕ್ರವಾರ, ಶನಿವಾರ ಮೂರೂ ದಿನ ಕೌಕೊ ಬಂದು ನೋಡಿದ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಓಸ್ಮೊ ಮೆಟ್ಟಿಲಲ್ಲಿ ಎಲ್ಲರಿಗೂ ನಮಸ್ಕಾರ ಹೇಳುತ್ತಾ ಓಡಾಡಿದ.

ಸೋಮವಾರ ಮತ್ತೊಂದು ಲಿಖಿತ ದೂರು ಬಂತು. ಹಿಲ್ಲೇವಿಯದೇ. ಲಕೋಟೆ ಹಿಡಿದು ಓಸ್ಮೊ ನನ್ನ ಮನೆಗೆ ಬಂದ. "ನೀವೇ ಓದಿ. ನನಗೆ ಧೈರ್ಯ ಇಲ್ಲ."

ನಾನು ಗಟ್ಟಿಯಾಗಿ ಓದಿದೆ: "'ಗಡಿಯಾರ ಈಗ ಸರಿಯಾಗಿ ನಡೆಯುತ್ತಿದೆ. ಇದರಿಂದ ತೊಂದರೆಯಾಗಿದೆ. ಕಳೆದ ತಿಂಗಳಿನಿಂದ ಮೂವತ್ತೆಂಟು ನಿಮಿಷಕ್ಕೆ ಅಭ್ಯಾಸವಾಗಿ, ಪೂರ್ತಿ ಒಂದು ಗಂಟೆ ಕುಳಿತರೆ ತಲೆ ಸುತ್ತುತ್ತದೆ. ಈ ವಯಸ್ಸಿಗೆ ಮೂವತ್ತೆಂಟು ನಿಮಿಷ ಧಾರಾಳ ಎಂದು ಸಾಬೀತಾಗಿದೆ. ಉಳಿದ ಇಪ್ಪತ್ತೆರಡು ನಿಮಿಷಗಳನ್ನು ಓಸ್ಮೊ ಮತ್ತು ಐಲಿ ರೌತಿಯೊ ಅವರಿಗೆ ಬಿಟ್ಟುಕೊಡುತ್ತೇನೆ. ತಡವಾಗಿ ಬರಬಾರದು.'"

ಓಸ್ಮೊ ನನ್ನ ಕೈಯಿಂದ ಕಾಗದ ಕಸಿದುಕೊಂಡು, ಐಲಿಯನ್ನು ಕೂಗುತ್ತಾ ತನ್ನ ಮನೆಗೆ ಓಡಿದ.

ಆ ಶನಿವಾರ ಏಳು ಮೂವತ್ತೇಳಕ್ಕೆ ಗಂಡಹೆಂಡತಿ ಟವೆಲು ಹೆಗಲಿಗೇರಿಸಿ, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದು, ಮದುವೆಗೆ ಹೊರಟವರಂತೆ ಬಾಗಿಲ ಬಳಿ ನಿಂತಿದ್ದರು. ನಾನು ನಡಾವಳಿಗೆ ಬೇಕೆಂಬ ನೆಪದಲ್ಲಿ ಅಂಗಳದ ಬೆಂಚಿನಲ್ಲಿ ಕೂತಿದ್ದೆ. ಮೂವತ್ತೆಂಟಕ್ಕೆ ಹಿಲ್ಲೇವಿ ಹೊರಬಂದರು, ಬಾಗಿಲು ಹಿಡಿದು ಪಕ್ಕಕ್ಕೆ ಸರಿದು, ಬಲಗೈ ಎತ್ತಿ, "ಹೊರಡಿ!" ಎಂದರು. ಇಬ್ಬರೂ ಒಳನುಗ್ಗಿದರು. ಹನ್ನೊಂದು ವರ್ಷ ಕಾದ ಹಬೆ ಚುಂಯ್ ಎಂದು ಎದ್ದ ಸದ್ದು ಅಂಗಳದವರೆಗೆ ಕೇಳಿಸಿತು. ಹಿಂದೆಯೇ ಐಲಿಯ ಹಾಡು.

ಸ್ವಲ್ಪ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. ಓಸ್ಮೊ ಹೊರಬಂದ. ಬೇಯಿಸಿದ ಸೀಗಡಿಯ ಬಣ್ಣ. ತಲೆ, ಹೆಗಲು, ಕಿವಿಗಳಿಂದ ಹಬೆ ಏಳುತ್ತಿತ್ತು. ತೂರಾಡುತ್ತಾ ಬಂದು ಅಂಗಳದ ಉಳಿದ ಹಿಮದ ಗುಡ್ಡೆಯ ಮೇಲೆ ಕೂತ. ಗುಡ್ಡೆ ಸುಯ್ ಎಂದಿತು. ಒಳಗೆ ಐಲಿ ಎರಡನೇ ಹಾಡು ಶುರುಮಾಡಿದ್ದಳು, ಮತ್ತೊಂದು ಸೌಟು ನೀರು ಬಿದ್ದ ಸದ್ದು ಕೇಳಿತು.

"ಹೇಗಿತ್ತು?" ಎಂದೆ.

"ಸ್ವರ್ಗ," ಎಂದ ಓಸ್ಮೊ ಕಣ್ಣು ಮುಚ್ಚಿಕೊಂಡೇ. "ಇಪ್ಪತ್ತೆರಡು ನಿಮಿಷ ಪೂರ್ತಿ ಕೂತಿದ್ದೆ."

ನಾನು ಕೈಗಡಿಯಾರ ನೋಡಿದೆ. "ಆರು ನಿಮಿಷ ಆಯ್ತು."

ಓಸ್ಮೊ ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ಆ ಕಣ್ಣಿನಲ್ಲಿ ಅನುಮಾನದ ನೆರಳೂ ಇರಲಿಲ್ಲ.

"ಹಾಗಾದ್ರೆ ನಿಮ್ಮ ಗಡಿಯಾರದ ಹರಳು ಕೆಟ್ಟಿದೆ," ಎಂದ.